ನಿಮ್ಮ ಮಾರಿಯೋ ನಿಜವಾಗ್ಲೂ ನಿಧಾನ ಓಡ್ತಿದ್ದ

ಹಳೇ ಟಿವಿ ಗೇಮ್ ರಿಪೇರಿಗೆ ತರೋರು ಎರಡು ಪ್ರಶ್ನೆ ಕೇಳ್ತಾರೆ. ಎಷ್ಟಾಗತ್ತೆ, ಮತ್ತೆ ಮೊದಲಿನ ಹಾಗೇ ಆಡತ್ತಾ. ಮೊದಲನೇದಕ್ಕೆ ಬೋರ್ಡ್ ನೋಡಿ ಹೇಳ್ಬಹುದು. ಎರಡನೇದಕ್ಕೆ ಬೋರ್ಡ್ ನೋಡಿದ್ರೆ ಸಾಲಲ್ಲ, ಈಗ ಮನೇಲಿ ಯಾವ ಟಿವಿ ಇದೆ ಕೇಳ್ಬೇಕು, ಆಗ ಯಾವ ಟಿವಿ ಇತ್ತು ಕೇಳ್ಬೇಕು, ಇನ್ನೂ ಸ್ವಲ್ಪ ಮುಂದೆ ಹೋಗಿ ಆಗ ನಿಮ್ಮ ವಯಸ್ಸೆಷ್ಟು ಅಂತಾನೂ ಕೇಳ್ಬೇಕು, ಅದನ್ನ ಕೇಳಿದ್ರೆ ಗಿರಾಕಿ ನಗ್ತಾರೆ.

ನಾನು ಕೆಲಸ ಕಲ್ತಿದ್ದು ಮುಂಬೈಲಿ, ಗ್ರಾಂಟ್ ರೋಡ್ ಸ್ಟೇಷನ್ ಹತ್ರ ಲ್ಯಾಮಿಂಗ್ಟನ್ ರೋಡಲ್ಲಿ, ಈಗ ಅಂಗಡಿ ಇರೋದು ಡೊಂಬಿವ್ಲಿಲಿ. ಬರೋರಲ್ಲಿ ನಮ್ಮ ಕನ್ನಡದೋರು ತುಂಬ, ಮುಲುಂಡ್, ಮಾಟುಂಗ ಕಡೆಯಿಂದಾನೂ ಬರ್ತಾರೆ, ತೊಂಬತ್ತರ ದಶಕದಲ್ಲಿ ಚಾಳಲ್ಲೋ ಬ್ಯಾಂಕ್ ಕ್ವಾರ್ಟರ್ಸಲ್ಲೋ ಬೆಳೆದೋರು. ಮೇ ರಜೆಲಿ ಊರಿಗೆ ಹೋಗೋಕೆ ಟಿಕೆಟ್ ಸಿಗದ ವರ್ಷ ಅಪ್ಪ ಸಮಾಧಾನಕ್ಕೆ ಅಂತ ಕೊಡಿಸಿದ್ದ ಗೇಮನ್ನ ಅಟ್ಟದಿಂದ ಇಳಿಸಿ ತಂದಿರ್ತಾರೆ. ಚೀಲ ಕೌಂಟರ್ ಮೇಲೆ ಇಡೋವಾಗ್ಲೇ ಡೈಲಾಗ್ ಬರತ್ತೆ, "ಈಗಿನ ಗೇಮಲ್ಲಿ ಆ ಮಜಾ ಇಲ್ಲ ಮಾರಾಯ್ರೆ."

ಈ ಮಾತಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಕೊಂಡಿದೆ ಅಂತ ನನ್ನ ಅಭಿಪ್ರಾಯ. ಒಂದನ್ನ ಅಳೆಯೋಕೆ ಆಗತ್ತೆ, ಇನ್ನೊಂದನ್ನ ಆಗಲ್ಲ. ಅಳೆಯೋಕೆ ಆಗೋದನ್ನೂ ಜನ ನೆನಪಿನ ಖಾತೆಗೆ ಬರ್ಕೊಂಡ್ಬಿಡ್ತಾರೆ, ನೆನಪಿಗೆ ಸೇರಬೇಕಾದ್ದನ್ನ ತಂದು ಪಾಪ ಈಗಿನ ಗೇಮ್ ಮೇಲೆ ಹೊರಿಸ್ತಾರೆ.

ಮೊದಲು ಈ ಪೆಟ್ಟಿಗೆ ಏನು ಅಂತ ನೋಡೋಣ. ನಿಂಟೆಂಡೋದವರು 1983ರಲ್ಲಿ ಜಪಾನಲ್ಲಿ ಫ್ಯಾಮಿಕಾಮ್ ಅಂತ ಒಂದು ಮಷೀನ್ ಬಿಟ್ರು, ನಮ್ಮ ಮನೆಗಳಿಗೆ ಬಂದಿದ್ದು ಹೆಚ್ಚಾಗಿ ಅದರ ನಕಲುಗಳು. ಬಿಚ್ಚಿದ್ರೆ ಎಷ್ಟೋ ಸೆಟ್ಟಲ್ಲಿ ಒಂದು ಕಪ್ಪು ಅಂಟಿನ ಬೊಟ್ಟು ಕಾಣತ್ತೆ, ಇಡೀ ಮಷೀನ್ ಅದರ ಕೆಳಗೇ ಕೂತಿರತ್ತೆ. ಆ ಬೊಟ್ಟು ಸತ್ರೆ ಮುಗೀತು, ನಾನೂ ಏನೂ ಮಾಡೋಕಾಗಲ್ಲ, ಮಿಕ್ಕಿದ್ದೆಲ್ಲ ಡ್ರೈ ಸೋಲ್ಡರ್, ಕೆಪಾಸಿಟರ್, 5 ವೋಲ್ಟ್ ಕೊಡೋ 7805 ರೆಗ್ಯುಲೇಟರ್, ಇಷ್ಟೇ. ಅಸಲಿ ಮಷೀನಿನ ಪ್ರೊಸೆಸರ್ 1.79 ಮೆಗಾಹರ್ಟ್ಸ್, ಮೆಮೊರಿ 2 ಕೆಬಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಗೇಮ್ ಸೇರಿ 40 ಕೆಬಿ, ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬರೋ ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದು. ಜಾಗ ಉಳಿಸೋಕೆ ಅಂತ ಅದರಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಇಟ್ಟಿದ್ದಾರೆ, ಮೇಲಿದ್ರೆ ಬಿಳಿ, ಕೆಳಗಿದ್ರೆ ಹಸಿರು. ಇದನ್ನ ಹೇಳಿದ್ಮೇಲೆ ನಿಮಗೆ ಬೇರೆ ಥರ ಕಾಣೋದೇ ಇಲ್ಲ, ಕ್ಷಮಿಸಿ.

ಈಗ ಕಂಪ್ಲೇಂಟಿಗೆ ಬರೋಣ. ರಿಪೇರಿ ಆಗಿ ಮನೆಗೆ ಹೋದ ಸೆಟ್ ಎರಡೇ ದಿನಕ್ಕೆ ವಾಪಸ್ ಬರತ್ತೆ, ಮಾರಿಯೋ ಪ್ರತಿ ಗುಂಡಿಗೂ ಬೀಳ್ತಾನೆ ಅಂತ. "ಕೈ ಹೋಗ್ಬಿಟ್ಟಿದೆ ಅಣ್ಣ, ವಯಸ್ಸಾಯ್ತು" ಅಂತ ಗಿರಾಕಿ ತಾವೇ ತಪ್ಪು ಹೊತ್ಕೋತಾರೆ. ಕೈದೇನೂ ತಪ್ಪಿಲ್ಲ. ಡಬ್ಬಾ ಟಿವಿಲಿ ಚಿತ್ರ ಹಿಡಿದಿಟ್ಟುಕೊಳ್ಳೋ ಜಾಗನೇ ಇರ್ಲಿಲ್ಲ, ಸಿಗ್ನಲ್ ಬಂದ ಹಾಗೇ ಪಿಕ್ಚರ್ ಟ್ಯೂಬಿನ ಎಲೆಕ್ಟ್ರಾನ್ ಗನ್ ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಬರ್ಕೊಂಡು ಹೋಗ್ತಿತ್ತು, ಬಟನ್ ಒತ್ತಿ ಒಂದೆರಡು ಫ್ರೇಮ್ (ಅಂದ್ರೆ ಒಂದೆರಡು ಚಿತ್ರ) ಆಗೋದ್ರೊಳಗೆ ಮಾರಿಯೋ ಗಾಳಿಲಿ. ಈಗಿನ ಎಲ್‌ಇಡಿ ಟಿವಿ ಬಂದ ಫ್ರೇಮನ್ನ ಮೊದಲು ಹಿಡಿದಿಟ್ಕೊಂಡು, ದೊಡ್ಡದು ಮಾಡಿ, ಶಾರ್ಪ್ ಮಾಡಿ, ಬಣ್ಣ ತಿದ್ದಿ, ಆಮೇಲೆ ತೋರಿಸತ್ತೆ. ಮೇಲಿಂದ ಎವಿ ಪಿನ್ನನ್ನ ಎಚ್‌ಡಿಎಂಐ ಮಾಡೋ ಒಂದು ಸೋವಿ ಕನ್ವರ್ಟರ್ ಬೇರೆ. ಹಳೇ ಗೇಮ್ ಕಳ್ಸೋದು ಇಂಟರ್‌ಲೇಸ್ (ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯೋದು) ಇಲ್ಲದ ಸಿಗ್ನಲ್, ಎಷ್ಟೋ ಕನ್ವರ್ಟರಿಗೆ ಅದು ಅರ್ಥ ಆಗಲ್ಲ, ಕೇಬಲ್ ಟಿವಿ ಸಿಗ್ನಲ್ ಅಂದ್ಕೊಂಡು ಪಕ್ಕಪಕ್ಕದ ಎರಡು ಫ್ರೇಮ್ ಕಲಸಿಬಿಡತ್ತೆ, ಅದಕ್ಕೇ ಏಟು ಬಿದ್ದಾಗ ಮಿಣಮಿಣ ಅನ್ಬೇಕಾದ ಮಾರಿಯೋ ಬಾಚಣಿಗೆ ಹಲ್ಲಿನ ಥರ ಸೀಳಿ ಕಾಣೋದು.

ಗಿರಾಕಿ ನಂಬದಿದ್ರೆ ಫೋನಿನ ಸ್ಲೋ ಮೋಷನ್ ಆನ್ ಮಾಡಿ ಅವರ ಹೆಬ್ಬೆರಳು ಮತ್ತೆ ಟಿವಿ ಎರಡೂ ಒಟ್ಟಿಗೆ ಬರೋ ಹಾಗೆ ವಿಡಿಯೋ ತೆಗೀತೀನಿ. ಸೆಕೆಂಡಿಗೆ 240 ಫ್ರೇಮ್, ಅಂದ್ರೆ ಒಂದೊಂದು ಫ್ರೇಮ್ ಸುಮಾರು 4 ಮಿಲಿಸೆಕೆಂಡ್. ಬಟನ್ ಕೆಳಗೆ ಹೋದ ಫ್ರೇಮಿಂದ ಮಾರಿಯೋ ಕಾಲು ನೆಲ ಬಿಟ್ಟ ಫ್ರೇಮ್ ತನಕ ಒಟ್ಟಿಗೆ ಕೂತು ಎಣಿಸ್ತೀವಿ. ಡಬ್ಬಾ ಟಿವಿಲಿ ಎಣಿಕೆ ಬೇಗ ಮುಗಿಯತ್ತೆ. ಹೊಸ ಟಿವಿಲಿ ಎಣಿಸ್ತಾ ಎಣಿಸ್ತಾ ಗಿರಾಕಿ ಮುಖ ಅರಳತ್ತೆ, ಯಾಕಂದ್ರೆ ತಡ 100 ಮಿಲಿಸೆಕೆಂಡ್ ತನಕ ಹೋಗೋದೂ ಉಂಟು, ಅಷ್ಟರಲ್ಲಿ ಗೇಮ್ 5 ಫ್ರೇಮ್ ಮುಂದೆ ಹೋಗಿ ಗುಂಡಿ ಬಂದೇಬಿಟ್ಟಿರತ್ತೆ. ಟಿವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಅಂತ ಇರತ್ತೆ ನೋಡಿ, ಅದನ್ನ ಆನ್ ಮಾಡಿ, ಚಿತ್ರ ಸ್ವಲ್ಪ ಸಪ್ಪೆ ಆಗತ್ತೆ ಆದ್ರೆ ಟಿವಿ ಕಡೆಯ ತಡ ಎಷ್ಟೋ ಕಡಿಮೆ ಆಗತ್ತೆ. ಪ್ಲೇಸ್ಟೇಷನ್ ಆಡೋ ಮಕ್ಕಳಿಗೂ ಇದೇ ಮಾತು, ಹೊಸ ಗೇಮ್ ಭಾರ ಅನ್ಸೋದಕ್ಕೆ ಎಷ್ಟೋ ಸಲ ಗೇಮಲ್ಲ, ಟಿವಿ ಕಾರಣ.

ಬಾತುಕೋಳಿ ಹೊಡೆಯೋ ಡಕ್ ಹಂಟ್ ಗೇಮಿನ ಗನ್ ಅಂತೂ ಹೊಸ ಟಿವಿಲಿ ನಡೆಯೋದೇ ಇಲ್ಲ, ದಯವಿಟ್ಟು ಅದನ್ನ ರಿಪೇರಿಗೆ ತರಬೇಡಿ. ಗನ್ನಿಂದ ಟಿವಿಗೆ ಏನೋ ಹೋಗತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ವಿ, ಆದ್ರೆ ಅದು ಉಲ್ಟಾ, ಗನ್ ಒಂದು ಕಣ್ಣು. ಟ್ರಿಗರ್ ಒತ್ತಿದ ಕೂಡ್ಲೇ ಗೇಮ್ ಒಂದು ಫ್ರೇಮ್ ಇಡೀ ಸ್ಕ್ರೀನ್ ಕಪ್ಪು ಮಾಡತ್ತೆ, ಮುಂದಿನ ಫ್ರೇಮಲ್ಲಿ ಬಾತುಕೋಳಿ ಇರೋ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ತೋರಿಸತ್ತೆ, ಗನ್ನೊಳಗಿನ ಫೋಟೋ ಡಯೋಡಿಗೆ ಬೆಳಕು ಕಂಡ್ರೆ ಏಟು ಬಿತ್ತು. ಎರಡು ಕೋಳಿ ಇದ್ರೆ ಒಂದಾದ ಮೇಲೆ ಒಂದು ಚೌಕ, ಯಾವ ಫ್ರೇಮಲ್ಲಿ ಬೆಳಕು ಬಂತು ಅನ್ನೋದ್ರ ಮೇಲೆ ಸತ್ತಿದ್ದು ಯಾವುದು ಅಂತ ಲೆಕ್ಕ. ಮೊದಲು ಕಪ್ಪು ಮಾಡೋದ್ರಿಂದ ಮೋಸನೂ ಸಿಕ್ಕಿಬೀಳತ್ತೆ, ಕಪ್ಪು ಫ್ರೇಮಲ್ಲೂ ಗನ್ನಿಗೆ ಬೆಳಕು ಕಂಡ್ರೆ ನೀವು ಟ್ಯೂಬ್‌ಲೈಟಿಗೆ ಗುರಿ ಇಟ್ಟಿದ್ದೀರಿ ಅಂತ ಅರ್ಥ. ಇಡೀ ಆಟ ನಿಂತಿರೋದು ಆ ಒಂದೊಂದು ಫ್ರೇಮಿನ ಟೈಮಿಂಗ್ ಮೇಲೆ, ಹೊಸ ಟಿವಿ ಆ ಬಿಳಿ ಚೌಕ ತೋರಿಸೋ ಹೊತ್ತಿಗೆ ಗೇಮ್ ಲೆಕ್ಕ ಮುಗಿಸಿ ಮುಂದೆ ಹೋಗಿರತ್ತೆ. 1984ರ ಗೇಮ್ ಇದು. ಇಷ್ಟು ಕಡಿಮೆ ಸಾಮಾನಲ್ಲಿ ಇಷ್ಟು ಜಾಣತನ ಮಾಡಿದೋರಿಗೆ ನಾನಂತೂ ಕೈ ಮುಗೀತೀನಿ.

ಇನ್ನು ಟೈಟಲ್ ವಿಷಯ. ಯಾರೋ ಫೋನಲ್ಲಿ ಎಮ್ಯುಲೇಟರ್ (ಹಳೇ ಮಷೀನಿನ ಥರ ನಡೆಯೋ ಸಾಫ್ಟ್‌ವೇರ್) ಹಾಕೊಂಡು ಬಂದು ತೋರಿಸ್ತಾರೆ, "ಇದು ಡೂಪ್ಲಿಕೇಟ್ ಅಣ್ಣ, ಮ್ಯೂಸಿಕ್ ಓಡ್ತಾ ಇದೆ, ನಮ್ಮದು ಹಿಂಗಿರ್ಲಿಲ್ಲ." ಕಿವಿ ಸರಿಯಾಗೇ ಇದೆ, ಆದ್ರೆ ಡೂಪ್ಲಿಕೇಟ್ ಆಗಿದ್ದು ನಮ್ಮದು. ಆ ಕಾಲದ ಗೇಮಿಗೆ ಟಿವಿನೇ ಗಡಿಯಾರ, ಟಿವಿ ಒಂದು ಚಿತ್ರ ಬರೆದ್ರೆ ಗೇಮ್ ಒಂದು ಹೆಜ್ಜೆ ಮುಂದೆ. ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ ಟಿವಿಲಿ ಸೆಕೆಂಡಿಗೆ 60 ಹೆಜ್ಜೆ. ನಮ್ಮ ದೇಶದ ಟಿವಿ ಪಾಲ್ ಪದ್ಧತಿ, 625 ಗೆರೆ, ಸೆಕೆಂಡಿಗೆ 50. ನನ್ನ ಟೇಬಲ್ ಮೇಲೆ ಬಂದ ಹಳೇ ನಕಲು ಸೆಟ್‌ಗಳು ಹೆಚ್ಚುಕಡಿಮೆ ಎಲ್ಲ ಈ 50ರ ಲೆಕ್ಕದ್ದೇ, ಹಾಗಾಗಿ ಅಲ್ಲಿ 5 ನಿಮಿಷಕ್ಕೆ ಮುಗಿಯೋದು ಇಲ್ಲಿ 6 ನಿಮಿಷ. ಮಾರಿಯೋ ನಿಧಾನ ಓಡ್ತಿದ್ದ, ಆಮೆ ನಿಧಾನ ಬರ್ತಿತ್ತು, ಮ್ಯೂಸಿಕ್ ಸ್ವಲ್ಪ ಎಳೀತಿತ್ತು. ಎಮ್ಯುಲೇಟರಲ್ಲಿ ಪಾಲ್ ಅಂತಲೋ ಡೆಂಡಿ (ರಷ್ಯಾದಲ್ಲಿ ಮಾರ್ತಿದ್ದ ಫ್ಯಾಮಿಕಾಮ್ ನಕಲು) ಅಂತಲೋ ಒಂದು ಆಯ್ಕೆ ಇದ್ರೆ ಹಾಕಿ ಕೇಳಿ. ಹಾಕಿಕೊಟ್ಟಾಗ ಒಬ್ರು ಹೊಟೇಲ್ ಮಾಲೀಕರು ಕೌಂಟರಿಗೆ ಒರಗಿಕೊಂಡು ಕಣ್ಣು ಮುಚ್ಚಿ ಕೇಳಿದ್ರು, "ಹಾಂ, ಇದೇ." ಕಂಪನಿ ಮಾಡಿದ ಒರಿಜಿನಲ್ ಅವರಿಗೆ ಬೇಡ, ಅವರ ಒರಿಜಿನಲ್ ಬೇರೆ. ನನಗೆ ಇದು ತಪ್ಪು ಅಂತ ಅನ್ಸಲ್ಲ.

ಕ್ಯಾಸೆಟ್ ಊದೋದರ ಬಗ್ಗೆ ಒಂದು ಮಾತು. ಊದಿದ್ದಕ್ಕೆ ಸರಿ ಹೋಗ್ತಿರ್ಲಿಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ ಹೋಗ್ತಿತ್ತು. ಬಾಯಿ ತೇವ ಪಿನ್ ಮೇಲೆ ಕೂತು ಈಗ ಹಸಿರು ಹಿಡಿದಿದೆ, ಮುಂಬೈ ಹವೆ ಬೇರೆ ಕೇಳ್ಬೇಕಾ. ಹತ್ತಿಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಒಣಗೋಕೆ ಬಿಟ್ಟು ಹಾಕಿ, ಅಷ್ಟೇ.

ಇಲ್ಲಿ ತನಕ ಹೇಳಿದ್ದು ಅಳೆಯೋಕೆ ಆಗೋದು. ಬಟನ್ನಿಗೆ ತಕ್ಷಣ ಕೆಲಸ ಆಗೋದು, ಸ್ವಿಚ್ ಹಾಕಿದ ಕೂಡ್ಲೇ ಗೇಮ್ ಶುರು ಆಗೋದು, ಡೌನ್‌ಲೋಡ್ ಅಪ್‌ಡೇಟ್ ಏನೂ ಕೇಳದೇ ಇರೋದು, ಇದೆಲ್ಲ ಹಳೇದರಲ್ಲಿ ನಿಜವಾಗ್ಲೂ ಚೆನ್ನಾಗಿತ್ತು. ಪ್ರೊಸೆಸರ್ ನೇರ ಕ್ಯಾಸೆಟ್ಟಿನ ಚಿಪ್ಪಿಂದ ಓದ್ತಿತ್ತು, ಲೋಡ್ ಮಾಡೋ ಮಾತೇ ಇಲ್ಲ. ಈಗ ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಂಟೆ ಆಡೋಣ ಅಂತ ಕೂತ್ರೆ ಅಪ್‌ಡೇಟ್ ಮುಗಿಯೋಷ್ಟರಲ್ಲಿ ನಿದ್ದೆ ಬಂದಿರತ್ತೆ.

ಆದ್ರೆ ಮಜಾ ಪೂರ್ತಿ ಚಿಪ್ಪಲ್ಲಿತ್ತು ಅಂದ್ರೆ ನಾನು ಒಪ್ಪಲ್ಲ. ಎರಡನೇ ಕಂಟ್ರೋಲರ್ ನೋಡಿ ಒಂದ್ಸಲ. ಫ್ಯಾಮಿಕಾಮಿನ ಎರಡನೇ ಕಂಟ್ರೋಲರಿಗೆ ಸ್ಟಾರ್ಟ್, ಸೆಲೆಕ್ಟ್ ಬಟನ್ನೇ ಇಲ್ಲ, ಎಷ್ಟೋ ನಕಲುಗಳಲ್ಲೂ ಹಾಗೇ. ಅಂದ್ರೆ ಗೇಮ್ ಆರಿಸೋದು ಅಣ್ಣ, ಮಧ್ಯೆ ನಿಲ್ಲಿಸೋದೂ ಅಣ್ಣ, ತಂಗಿ ನೀರು ಕುಡಿಯೋಕೆ ಹೋಗ್ಬೇಕಂದ್ರೂ ಅಣ್ಣನ್ನ ಕೇಳ್ಬೇಕು. ಅದೇ ಸೆಟ್ ಬಗ್ಗೆ ಅಣ್ಣ ತಂಗಿ ಇಬ್ರನ್ನೂ ಕೇಳಿ ನೋಡಿ, "ಆ ಮಜಾ" ಅನ್ನೋನು ಒಬ್ಬನೇ, ಅವಳಿಗೆ ನೆನಪಿರೋದು ಬೇರೆ ಕಥೆ. ನೆನಪಿನ ಮೇಲೆ ಕೆಲಸ ಮಾಡೋ ಮನಶ್ಶಾಸ್ತ್ರದವರು ಹೇಳೋದೂ ಇದೇ, ಮನುಷ್ಯನಿಗೆ ಹತ್ತರಿಂದ ಮೂವತ್ತು ವಯಸ್ಸಿನ ಒಳಗಿನದ್ದು ಉಳಿದ ಕಾಲಕ್ಕಿಂತ ಜಾಸ್ತಿ ನೆನಪಿರತ್ತೆ. ನಮಗೆ ಆ ವಯಸ್ಸಲ್ಲಿ ಮಾರಿಯೋ ಸಿಕ್ಕಿದ, ಈಗಿನ ಹುಡುಗನಿಗೆ ಬೇರೆ ಯಾರೋ ಸಿಕ್ತಾರೆ. ನನ್ನ ಅಕ್ಕನ ಮಗ ಹೆಡ್‌ಫೋನ್ ಹಾಕೊಂಡು ಮಂಗಳೂರಲ್ಲಿರೋ ಕಸಿನ್ ಜೊತೆ ರಾತ್ರಿ ಟೀಮ್ ಕಟ್ಕೊಂಡು ಕಿರುಚಾಡ್ತಾನೆ. ಒಂದೇ ಚಾಪೆ ಮೇಲೆ ಕೂತಿಲ್ಲ ಅಷ್ಟೇ, ಜಗಳ ಅದೇ.

ಹಳೇ ಗೇಮ್ ಕಷ್ಟ ಇತ್ತು, ಅದಕ್ಕೇ ಚೆನ್ನಾಗಿತ್ತು ಅಂತಾನೂ ಹೇಳ್ತಾರೆ. ಕಷ್ಟ ಯಾಕಿತ್ತು? ಚಿಪ್ಪಲ್ಲಿ ಜಾಗ ಇಲ್ಲ. ಗುಂಡು ಹಾರಿಸೋ ಕಾಂಟ್ರಾ ಗೇಮಲ್ಲಿ ಇರೋದು 8 ಸ್ಟೇಜು, ಗೊತ್ತಿದ್ದೋರು ಅರ್ಧ ಗಂಟೆಯೊಳಗೆ ಮುಗಿಸ್ತಾರೆ, ಸಾಯಿಸಿ ಸಾಯಿಸಿ ಮೊದಲಿಂದ ಆಡಿಸದಿದ್ರೆ ಕಾಸು ಕೊಟ್ಟೋನಿಗೆ ಒಂದೇ ದಿನಕ್ಕೆ ಮುಗಿದ್ಹೋಗತ್ತೆ. ಆ ಪ್ರಸಿದ್ಧ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಕೋಡ್ ಇದೆಯಲ್ಲ, ಕಾಂಟ್ರಾದಲ್ಲಿ 30 ಲೈಫ್ ಕೊಡೋದು, ಅದು ಮೊದಲು ಬಂದಿದ್ದು 1986ರ ಗ್ರಾಡಿಯಸ್ ಅನ್ನೋ ಗೇಮಲ್ಲಿ. ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಅದನ್ನ ಸೇರಿಸಿದ್ದು ಟೆಸ್ಟ್ ಮಾಡೋಕೆ, ಗೇಮ್ ಅಷ್ಟು ಕಷ್ಟ ಆಗಿ ಅವರಿಗೇ ಮುಗಿಸೋಕೆ ಆಗ್ತಿರ್ಲಿಲ್ಲ. ಮಾಡಿದೋರಿಗೇ ಆಗದ್ದನ್ನ ನಾವು ಎಂಟನೇ ಕ್ಲಾಸಲ್ಲಿ ಹಲ್ಲು ಕಚ್ಚಿ ಆಡಿದ್ವಿ. ಇನ್ನೊಂದು ಹೇಳ್ಲಾ, ಸೂಪರ್ ಮಾರಿಯೋದಲ್ಲಿ ಗೇಮ್ ಓವರ್ ಆದ್ಮೇಲೆ ಟೈಟಲ್ ಸ್ಕ್ರೀನಲ್ಲಿ ಎ ಹಿಡ್ಕೊಂಡು ಸ್ಟಾರ್ಟ್ ಒತ್ತಿದ್ರೆ ಸತ್ತ ವರ್ಲ್ಡಿಂದಾನೇ ಶುರು ಆಗತ್ತೆ. ನಮ್ಮ ಚಾಳಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ.

ಕೆಟ್ಟ ಗೇಮೂ ಬೇಕಾದಷ್ಟು ಇದ್ವು, ನಾವು ಮರ್ತಿದ್ದೀವಿ. 1982ರಲ್ಲಿ ಅಟಾರಿಗೆ ಬಂದ ಇ.ಟಿ. ಗೇಮನ್ನ ಒಬ್ಬರೇ ಪ್ರೋಗ್ರಾಮರ್ ಸುಮಾರು 5 ವಾರದಲ್ಲಿ ಮಾಡಿ ಮುಗಿಸ್ಬೇಕಾಯ್ತು, ಮಾರಾಟ ಆಗದೇ ಉಳಿದಿದ್ದನ್ನ ಬೇರೆ ಸರಕಿನ ಜೊತೆ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಹೂಳಿದ್ರು, 2014ರಲ್ಲಿ ಅಗೆದು ತೆಗೆದಾಗ ಸಿಕ್ತು ಕೂಡ. ಅಂಥದ್ದರ ನೆನಪಿಗೆ ಅಂತ ನನ್ನ ಹತ್ರ ಯಾರೂ ಬರಲ್ಲ.

ಈಗಿನೋರು ಮಾಡಿರೋ ಒಳ್ಳೇ ಕೆಲಸಕ್ಕೆ ಲೆಕ್ಕ ಇಡೋರು ಕಡಿಮೆ. 2018ರ ಸೆಲೆಸ್ಟ್ ನಮ್ಮ ಕಾಲದ ಗೇಮಿನಷ್ಟೇ ಕಷ್ಟ, ಆದ್ರೆ ಅಸಿಸ್ಟ್ ಮೋಡ್ ಹಾಕಿ ವೇಗ ಕಡಿಮೆ ಮಾಡ್ಕೋಬಹುದು. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲಿ ಕಣ್ಣು, ಕಿವಿ, ಕೈ ತೊಂದರೆ ಇರೋರಿಗೆ ಅಂತಾನೇ 60ಕ್ಕೂ ಹೆಚ್ಚು ಸೆಟ್ಟಿಂಗ್ ಇದೆ. ನಮ್ಮ ಕಾಲದಲ್ಲಿ ಒಂದು ಕೈ ಸರಿ ಇಲ್ಲದ ಹುಡುಗ ಪಕ್ಕದಲ್ಲಿ ಕೂತು ನೋಡ್ತಿದ್ದ, ಅಷ್ಟೇ. ಮತ್ತೆ ಅದೇ 2020ರಲ್ಲಿ ಪುಣೆಯ ಒಂದು ಚಿಕ್ಕ ಸ್ಟುಡಿಯೋ, ನೋಡಿಂಗ್ ಹೆಡ್ಸ್ ಗೇಮ್ಸ್, ರಾಜಿ ಅಂತ ಗೇಮ್ ಮಾಡ್ತು, ದುರ್ಗೆ, ವಿಷ್ಣು, ರಾಜಸ್ಥಾನದ ಕೋಟೆ ಎಲ್ಲ ಇರೋ ಗೇಮು. ಚಿಕ್ಕೋನಿದ್ದಾಗ ಹಂಗೊಂದು ಗೇಮ್ ಪುಣೆಲಿ ತಯಾರಾಗತ್ತೆ ಅಂದಿದ್ರೆ ನಾನು ನಗ್ತಿದ್ದೆ.

ಹೊಸದರ ಮೇಲೆ ನನಗಿರೋ ತಕರಾರು ಬೇರೆ, ಗೇಮ್ ನಿಮ್ಮ ಕೈಲಿ ಉಳಿಯಲ್ಲ. ದಿ ಕ್ರೂ ಅಂತ 2014ರ ಕಾರ್ ಗೇಮ್, 2024ರ ಮಾರ್ಚ್ ಕೊನೆಗೆ ಸರ್ವರ್ ಬಂದ್ ಮಾಡಿದ್ರು, ಡಿಸ್ಕ್ ಕೈಲಿದ್ರೂ ಆಡೋಕಾಗಲ್ಲ. ಅಂಥದ್ದನ್ನ ನನ್ನಂಥೋನು ಎಲ್ಲಿ ಬಿಚ್ಚಿ ರಿಪೇರಿ ಮಾಡೋದು? ಹಂಗಂತ ಹಳೇದೆಲ್ಲ ಭದ್ರವಾಗಿದೆ ಅಂತಾನೂ ಅಲ್ಲ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮ್‌ಗಳಲ್ಲಿ 87 ಪರ್ಸೆಂಟ್ ಇವತ್ತು ಅಂಗಡಿಲಿ ಸಿಗಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳ್ತು. ಆದ್ರೂ ಚಿಪ್ ಕೈಲಿದ್ರೆ ಏನಾದ್ರೂ ಮಾಡ್ಬಹುದು, ಪಿನ್ ಒರೆಸಿ ಹಾಕಿದ್ರೆ ಮೂವತ್ತು ವರ್ಷದ ಕ್ಯಾಸೆಟ್ ಈಗ್ಲೂ ಓಡತ್ತೆ.

ಅದಕ್ಕೇ ಮನೇಲಿ ಡಬ್ಬಾ ಟಿವಿ ಇದ್ರೆ ದೀಪಾವಳಿ ಕ್ಲೀನಿಂಗಲ್ಲಿ ಭಂಗಾರ್‌ವಾಲಾಗೆ (ಗುಜರಿಯವನಿಗೆ) ಕೊಡ್ಬೇಡಿ. ಹಿಂದಿನ ಕವರ್ ಮಾತ್ರ ನೀವು ಬಿಚ್ಬೇಡಿ, ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟಿಗಿಂತ ಜಾಸ್ತಿ ಹೋಗತ್ತೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಒಳಗೆ ಕೂತಿರತ್ತೆ. ಅಂಗಡಿಗೆ ತರೋದಾದ್ರೆ ರಿಮೋಟ್ ಸಮೇತ ತನ್ನಿ, ಎಷ್ಟೋ ಸೆಟ್ಟಲ್ಲಿ ಎವಿ ಚಾನೆಲ್ಲಿಗೆ ಹೋಗೋಕೆ ಮುಂದೆ ಬಟನ್ನೇ ಇರಲ್ಲ, ರಿಮೋಟ್ ಹುಡುಕೋದು ಟಿವಿ ರಿಪೇರಿಗಿಂತ ಕಷ್ಟ.