ಚಿಕ್ಕ ಡಿಸ್ಕ್‌ಗೆ ಲಿನಕ್ಸ್ ಸಾಗಿಸುವಾಗ ಯುಯುಐಡಿ ಕೊಟ್ಟ ಕಾಟ

ನಿನ್ನೆ ರಾತ್ರಿ ಮುಗಿದ ಕೆಲಸ. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ವಿಂಡೋಸ್, ಉಬುಂಟು ಎರಡೂ ಇದ್ದದ್ದು 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಹೊಸದು 256 ಜಿಬಿ ಎಸ್‌ಎಸ್‌ಡಿ. ಅದು 238 ಎಂದು ಕಾಣಿಸಿದರೆ ಅಂಗಡಿಯವರನ್ನು ಬೈಯಬೇಡಿ: ತಯಾರಕರದು 1000ದ ಲೆಕ್ಕ, ಕಂಪ್ಯೂಟರಿನದು 1024ರದು.

ಇಡೀ ಡಿಸ್ಕನ್ನು ಡಿಡಿ ಎಂಬ ಆಜ್ಞೆಯಿಂದ ನಕಲಿಸುವ ಆಸೆ ಬಿಡಿ. ಅದು ಖಾಲಿ ಜಾಗವನ್ನೂ ಹೊತ್ತು ತರುತ್ತದೆ, ಚಿಕ್ಕ ಡಿಸ್ಕ್‌ನಲ್ಲಿ ಹಿಡಿಸುವುದಿಲ್ಲ. ನನ್ನ ಉಬುಂಟು ಬಳಸಿದ್ದು 61 ಜಿಬಿ ಮಾತ್ರ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಸ್‌ಎಸ್‌ಡಿಯಲ್ಲಿ ಇಎಫ್‌ಐ (ಬೂಟ್ ಕಡತಗಳಿಗೆ) ಮತ್ತು ಎಕ್ಸ್ಟ್4 (ಉಬುಂಟುವಿಗೆ) ವಿಭಾಗಗಳನ್ನು ಹೊಸದಾಗಿ ಮಾಡಿ, ಕಡತಗಳನ್ನು ಆರ್‌ಸಿಂಕ್‌ನಿಂದ ನಕಲಿಸಿದೆ. ವಿಂಡೋಸನ್ನು ಅದರೊಳಗಿಂದಲೇ ಕುಗ್ಗಿಸಿ, ಆ ವಿಭಾಗವನ್ನು ನಕಲಿಸಿ, ಅದರ ಬೂಟ್ ಕಡತಗಳನ್ನು ಕೂರಿಸುವ ಬಿಸಿಡಿಬೂಟ್ ಓಡಿಸಿದರೆ ಆಯಿತು.

ಇನ್ನು ನಾನು ಎಡವಿದ ಜಾಗ. ಸಿಎಚ್‌ರೂಟ್‌ನೊಳಗೆ (ಪೆನ್‌ಡ್ರೈವ್‌ನಿಂದಲೇ ಎಸ್‌ಎಸ್‌ಡಿಯ ಉಬುಂಟುವಿನೊಳಗೆ ಹೊಕ್ಕು) ಗ್ರಬ್-ಇನ್‌ಸ್ಟಾಲ್ ಮಾಡಿದೆ (ಗ್ರಬ್ ಎಂದರೆ ಆನ್ ಮಾಡಿದಾಗ ಮೆನು ತೋರಿಸಿ ಓಎಸ್ ಎಬ್ಬಿಸುವ ಬೂಟ್‌ಲೋಡರ್), ಮರುಬೂಟ್ ಮಾಡಿದೆ, ಉಬುಂಟು ಬಂತು. ಖುಷಿಯಿಂದ ಹಳೆಯ ಡಿಸ್ಕ್ ಕಳಚಿದೆ. ಮತ್ತೆ ಆನ್ ಮಾಡಿದರೆ ‘ಅಂಥ ಸಾಧನ ಇಲ್ಲ’ ಎಂದಿತು ಗ್ರಬ್. ಅಂದರೆ ಮೊದಲು ಬಂದದ್ದು ಹಳೆಯ ಡಿಸ್ಕ್‌ನ ಉಬುಂಟುವೇ! ಆಗಲೇ ಫೈಂಡ್‌ಮೌಂಟ್ ಆಜ್ಞೆ ಹೊಡೆದಿದ್ದರೆ ರೂಟ್ (ಉಬುಂಟುವಿನ ಮೂಲ ವಿಭಾಗ) ಎದುರು ಎಸ್‌ಡಿಎ, ಅಂದರೆ ಹಳೆಯ ಡಿಸ್ಕ್, ಎಂದು ಕಾಣುತ್ತಿತ್ತು.

ಕಾರಣ ಇಷ್ಟು. ಫಾರ್ಮ್ಯಾಟ್ ಮಾಡಿದಾಗಲೆಲ್ಲ ಕಡತ ವ್ಯವಸ್ಥೆಗೆ ಹೊಸ ಯುಯುಐಡಿ, ಅಂದರೆ ಅದನ್ನು ಗುರುತಿಸುವ ಸಂಕೇತ, ಹುಟ್ಟುತ್ತದೆ. ಆರ್‌ಸಿಂಕ್ ತಂದ ಕಡತಗಳೊಳಗೆ ಮಾತ್ರ ಹಳೆಯದೇ ಇರುತ್ತದೆ, ಮನೆ ಬದಲಾಯಿಸಿದರೂ ಪಡಿತರ ಚೀಟಿಯಲ್ಲಿ ಹಳೆಯ ವಿಳಾಸವೇ ಉಳಿದಂತೆ. ಗ್ರಬ್-ಇನ್‌ಸ್ಟಾಲ್ ಬೂಟ್‌ಲೋಡರನ್ನಷ್ಟೇ ಕೂರಿಸುತ್ತದೆ. ಮೆನುವಿನೊಳಗಿನ ವಿಳಾಸ ಬದಲಾಗುವುದು ಅಪ್‌ಡೇಟ್-ಗ್ರಬ್ ಓಡಿಸಿದಾಗ. ಅದನ್ನೇ ನಾನು ಬಿಟ್ಟಿದ್ದೆ.

ಮತ್ತೆ ಪೆನ್‌ಡ್ರೈವ್, ಮತ್ತೆ ಸಿಎಚ್‌ರೂಟ್, ಅಪ್‌ಡೇಟ್-ಗ್ರಬ್. ಈ ಬಾರಿ ತೆರೆಯ ಮೇಲೆ ಒಂದೂವರೆ ನಿಮಿಷದ ಎಣಿಕೆ ಓಡಿ, ತುರ್ತು ಸ್ಥಿತಿಯ ಕಪ್ಪು ಪರದೆ ಬಂತು. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ವಿಭಾಗಗಳ ಪಟ್ಟಿ) ರೂಟ್‌ನ ಸಾಲನ್ನು ಮೊದಲೇ ತಿದ್ದಿದ್ದೆ, ಬೂಟ್-ಇಎಫ್‌ಐ ಸಾಲನ್ನು ನೋಡಿರಲೇ ಇಲ್ಲ. ಅದರ ಗುರುತು ಉದ್ದನೆಯದಲ್ಲ: ನಾಲ್ಕಕ್ಷರ, ಒಂದು ಅಡ್ಡಗೆರೆ, ಮತ್ತೆ ನಾಲ್ಕಕ್ಷರ. ಕಣ್ಣು ಅದನ್ನು ಯುಯುಐಡಿ ಎಂದೇ ಒಪ್ಪುವುದಿಲ್ಲ. ಎಲ್ಲ ವಿಭಾಗಗಳ ಯುಯುಐಡಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್ ಹೊಡೆದು, ಅದರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ. ಸ್ವಾಪ್ ವಿಭಾಗವಿದ್ದರೆ ಅದನ್ನೂ.

ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. ಗ್ರಬ್ 2.06ರಿಂದ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಇಟಿಸಿ ಅಡಿಯ ಡೀಫಾಲ್ಟ್ ಫೋಲ್ಡರಿನ ಗ್ರಬ್ ಕಡತದಲ್ಲಿ ಅದರ ನಿಷೇಧದ ಸಾಲಿಗೆ ‘ಫಾಲ್ಸ್’ ಎಂದು ಬರೆದು ಅಪ್‌ಡೇಟ್-ಗ್ರಬ್ ಓಡಿಸಿ. ಹಳೆಯ ಡಿಸ್ಕನ್ನು ಮಾತ್ರ ಕಳಚಿಟ್ಟೇ ಪರೀಕ್ಷಿಸಿ.