ಬಿಸಿಲಿಗೆ ಒಣಗಿಸಿದರೆ ಗೋಡಂಬಿಯ ಸೊನೆ ಹೋಗುತ್ತದೆಯೇ?

ಪ್ರಶ್ನೆ: ಮೇಷ್ಟ್ರೇ, ನಮ್ಮ ಹಿತ್ತಲಲ್ಲಿ ಒಂದು ಗೋಡಂಬಿ ಮರ ಇದೆ. ಈ ಸಲ ಎರಡು ಮೊರ ಬೀಜ ಸಿಕ್ಕಿದೆ. ಎಂಟು ದಿನ ಮಹಡಿ ಮೇಲೆ ಒಳ್ಳೆ ಬಿಸಿಲಲ್ಲಿ ಒಣಗಿಸಿದ್ದೀನಿ. ಇನ್ನು ಸೊನೆ ಇರಲ್ಲ ಅಲ್ವಾ? ಸುತ್ತಿಗೇಲಿ ಒಡೆದು ಮಕ್ಕಳಿಗೆ ಕೊಡಬಹುದಾ?

ಉತ್ತರ: ಕೊಡಬೇಡಿ. ಮೊದಲು ಸುತ್ತಿಗೆ ಕೆಳಗಿಡಿ, ಆಮೇಲೆ ಮುಂದಕ್ಕೆ ಓದಿ.

ಚಿಂತಾಮಣಿ, ಶ್ರೀನಿವಾಸಪುರದ ಕಡೆ ಗೋಡಂಬಿ ಬೀಳಲು ಶುರುವಾಯಿತೆಂದರೆ ನನಗೆ ಈ ಪ್ರಶ್ನೆ ಬರಲೂ ಶುರುವಾಗುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಕಳೆದ ವರ್ಷ ಹೇಳಿದ್ದೆ, ಅದರ ಹಿಂದಿನ ವರ್ಷವೂ ಹೇಳಿದ್ದೆ. ಆದರೂ ‘ಒಣಗಿದರೆ ಸೊನೆ ಇಂಗಿಹೋಗುತ್ತೆ’ ಅನ್ನುವ ಮಾತು ಊರಿಂದ ಊರಿಗೆ ಓಡಾಡುತ್ತಲೇ ಇದೆ. ಇದರಿಂದ ಮಕ್ಕಳ ಬಾಯಿ ಸುಡುತ್ತದೆ. ಹಾಗಾಗಿ ಈ ಸಲ ಇದೊಂದನ್ನೇ ಕೂತು ಬಿಡಿಸಿ ಹೇಳುತ್ತೇನೆ.

ಸೊನೆ ಎಲ್ಲಿರುತ್ತದೆ ನೋಡಿ. ಗೋಡಂಬಿಯ ಚಿಪ್ಪು ಒಂದೇ ಪದರದ್ದಲ್ಲ. ಹೊರಗೆ ಚರ್ಮದಂಥ ಪದರ, ಒಳಗೆ ಕಲ್ಲಿನಂಥ ಪದರ, ಇವೆರಡರ ನಡುವೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳು. ಆ ಗೂಡುಗಳ ತುಂಬ ಸೊನೆ. ನಾವು ಸೊನೆ ಅನ್ನುತ್ತೇವೆ ಅಷ್ಟೇ, ಅದು ನಿಜಕ್ಕೂ ಎಣ್ಣೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ಸುಡುತ್ತವೆ. ಬಿಸಿಲಿಗೆ ಹೋಗುವುದು ನೀರು. ಆಗತಾನೆ ಆಯ್ದ ಬೀಜದಲ್ಲಿ ಸುಮಾರು ಕಾಲು ಭಾಗ ತೇವ ಇರುತ್ತದೆ, ಎರಡು ಮೂರು ದಿನದ ಬಿಸಿಲಿಗೆ ಅದು ನೂರಕ್ಕೆ 8–9ಕ್ಕೆ ಇಳಿಯುತ್ತದೆ. ಎಣ್ಣೆ ಇದ್ದಲ್ಲೇ ಇರುತ್ತದೆ.

ನಂಬಿಕೆ ಬರಲಿಲ್ಲವೇ? ಹಾಗಾದರೆ ನಿಮ್ಮ ಹೊಲದ ಮಾತೇ ಆಡೋಣ. ಹರಳು ಬೀಜವನ್ನು ಕಣದಲ್ಲಿ ಹರವಿ ಒಣಗಿಸುತ್ತೀರಿ. ಹೊಂಗೆ ಬೀಜ ಒಣಗಿಸುತ್ತೀರಿ. ಕಡಲೆಕಾಯನ್ನು ಗಲಗಲ ಅನ್ನುವವರೆಗೂ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುತ್ತೀರಿ. ಬಿಸಿಲಿಗೆ ಎಣ್ಣೆ ಹಾರಿಹೋಗುವುದಾಗಿದ್ದರೆ ಗಾಣದಲ್ಲಿ ಏನು ಸಿಗುತ್ತಿತ್ತು? ಹರಳೆಣ್ಣೆಗೆ ಯಾವ ನ್ಯಾಯವೋ ಗೋಡಂಬಿ ಸೊನೆಗೂ ಅದೇ ನ್ಯಾಯ.

ಇದನ್ನು ನಾನು ಪಾಠದ ಮನೆಯಲ್ಲಿ ತೋರಿಸುತ್ತಿದ್ದ ರೀತಿ ಹೀಗೆ. ಗೋಣಿಚೀಲದಲ್ಲಿ ಎರಡು ವರ್ಷ ಬಿದ್ದಿದ್ದ ಬೀಜವೊಂದನ್ನು ತರುತ್ತಿದ್ದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಹಳೇ ಅಡಕತ್ತರಿಯಲ್ಲಿ ಚಿಪ್ಪಿನ ಅಂಚನ್ನು ಮಾತ್ರ ಕತ್ತರಿಸಿ, ಕತ್ತರಿಸಿದ ಮುಖವನ್ನು ಬಿಳೀ ಹಾಳೆಗೆ ಒತ್ತುತ್ತಿದ್ದೆ. ಮೊದಲು ಏನೂ ಕಾಣುವುದಿಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಬೀಜದ ಆಕಾರದ್ದೇ ಒಂದು ಕಂದು ಉಂಗುರ ಹಾಳೆಯಲ್ಲಿ ಮೂಡುತ್ತದೆ, ಅಂಚಿನಿಂದ ಎಣ್ಣೆ ಕಲೆ ಹರಡುತ್ತಾ ಹೋಗುತ್ತದೆ. ಹಾಳೆಯನ್ನು ಕಿಟಕಿಗೆ ಹಿಡಿದರೆ ಅಲ್ಲಿ ಬೆಳಕು ತೂರಿ ಬರುತ್ತದೆ. ಅದನ್ನು ನೋಡಿದ ಹುಡುಗರು ಯಾರೂ ಮುಂದೆ ಹಸೀ ಗೋಡಂಬಿಗೆ ಹಲ್ಲು ಹಾಕಿದ್ದು ನನಗೆ ತಿಳಿದಿಲ್ಲ. ನನ್ನ ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಅತ್ಯಂತ ಚೆನ್ನಾಗಿ ತಲೆಗೆ ಹೋದ ಪಾಠ ಅದೇ ಎಂದು ಹೆಮ್ಮೆಯಿಂದ ಹೇಳಬಲ್ಲೆ.

ಮಾವಿನ ಸೀಮೆಯವರಾದ ನಮಗೆ ಇದು ಹೊಸದೇನೂ ಅಲ್ಲ. ಕಾಯಿ ಕಿತ್ತಾಗ ತೊಟ್ಟಿನಿಂದ ಚಿಮ್ಮುವ ಸೊನೆ ತುಟಿಯಂಚಿಗೆ ತಗುಲಿ ಹುಣ್ಣಾದದ್ದು ಯಾರಿಗೆ ಗೊತ್ತಿಲ್ಲ? ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಕಾಯಿ, ಮೂರೂ ಒಂದೇ ಕುಟುಂಬ. ನಮ್ಮ ಗಡಿಯ ತೆಲುಗಿನಲ್ಲಿ ಆ ಗೇರುಕಾಯಿಗೆ ಜೀಡಿ ಅಂತಲೂ ಗೋಡಂಬಿಗೆ ಜೀಡಿಮಾಮಿಡಿ ಅಂತಲೂ ಹೆಸರು. ನಂಟು ಹೆಸರಿನಲ್ಲೇ ಇದೆ. ಎಷ್ಟು ಒಗೆದರೂ ಹೋಗದ ಅಗಸರ ಗುರುತಿನ ನಂಟಸ್ತಿಕೆ ಇರುವ ಸೊನೆ, ಮಹಡಿ ಮೇಲಿನ ಎಂಟು ದಿನದ ಬಿಸಿಲಿಗೆ ಹೋದೀತೇ? ಮಾವಿನ ಸೊನೆಗೆ ಬೇಗ ಹುಣ್ಣಾಗುವವರು ಗೋಡಂಬಿಯ ಹತ್ತಿರ ಇನ್ನೂ ಜೋಪಾನವಾಗಿರಬೇಕು.

ನನ್ನ ತಮ್ಮನಿಗೆ ಆಗ ಒಂಬತ್ತು ವರ್ಷ. ಒಣಗಿದ ಬೀಜ, ಏನೂ ಆಗಲ್ಲ ಎಂದು ದೊಡ್ಡವರೊಬ್ಬರು ಹೇಳಿದ್ದನ್ನು ನಂಬಿ ಹಲ್ಲಲ್ಲಿ ಕಚ್ಚಿದ. ಆಗ ಉರಿ ಅಷ್ಟಾಗಿ ತಿಳಿಯಲಿಲ್ಲ. ಮಾರನೆಯ ದಿನ ಕೆಳದುಟಿ ಬಾತು ಗುಳ್ಳೆಯೆದ್ದಿತು, ಬಾಯಿಯ ಮೂಲೆ ಕಪ್ಪಾಯಿತು. ಆ ಚರ್ಮ ಸುಲಿದು ಹೊಸದು ಬರಲು ಎರಡು ವಾರ ಹಿಡಿಯಿತು. ಅಷ್ಟು ದಿನವೂ ಅಮ್ಮ ಅವನಿಗೆ ಗಂಜಿಯನ್ನು ಚಮಚದಲ್ಲಿ ಬಾಯೊಳಗೆ ಹನಿಸುತ್ತಿದ್ದಳು. ಸೊನೆ ಕೈಗೆ ತಾಗಿದರೆ ಕಣ್ಣು, ಮುಖ ಮುಟ್ಟಿಕೊಳ್ಳಬೇಡಿ. ಕೂಡಲೇ ಸೋಪು ಹಾಕಿ ತೊಳೆಯಿರಿ. ಬಾಯಿಗೋ ಕಣ್ಣಿಗೋ ಹೋದರೆ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಇನ್ನು ಕುಕ್ಕರ್‌ನವರು. ಫ್ಯಾಕ್ಟರಿಯಲ್ಲಿ ಹಬೆಯಲ್ಲಿ ಬೇಯಿಸುತ್ತಾರಲ್ಲ, ನಾವೂ ಎರಡು ವಿಷಲ್ ಕೂಗಿಸಿದರಾಗದೇ ಎಂದು ಕೇಳುತ್ತಾರೆ. ಹಬೆಯಿಂದ ಚಿಪ್ಪು ಹದವಾಗಿ, ತಿರುಳು ಮುರಿಯದೆ ಕತ್ತರಿಸಲು ಬರುತ್ತದೆ, ಅಷ್ಟೇ. ಸೊನೆ ಚಿಪ್ಪಲ್ಲೇ ಇರುತ್ತದೆ. ಅದಕ್ಕೇ ಅಲ್ಲಿ ಕತ್ತರಿಸುವ ಹೆಂಗಸರು ಕೈಗೆ ಎಣ್ಣೆ, ಬೂದಿ ಹಚ್ಚಿಕೊಳ್ಳುತ್ತಾರೆ. ಅನ್ನ ಬೇಯಿಸುವ ಕುಕ್ಕರನ್ನು ಈ ಕೆಲಸಕ್ಕೆ ಇಳಿಸಬೇಡಿ.

ಹಾಗಾದರೆ ಸರಿಯಾದ ದಾರಿ ಯಾವುದು? ಮರದಿಂದ ಕೀಳಬೇಡಿ, ಹಣ್ಣು ತಾನಾಗಿ ಉದುರಲಿ. ಗೋಡಂಬಿಯಲ್ಲಿ ಬೀಜ ಮೊದಲು ಪೂರ್ತಿ ಗಾತ್ರಕ್ಕೆ ಬೆಳೆಯುತ್ತದೆ, ಹಣ್ಣು ಊದಿಕೊಳ್ಳುವುದು ಆಮೇಲೆ. ಹಸಿರಿದ್ದಾಗ ಕಿತ್ತರೆ ತಿರುಳು ಸುಕ್ಕುಗಟ್ಟುತ್ತದೆ. ಬಿದ್ದದ್ದನ್ನು ಅವತ್ತೇ ಆಯ್ದು, ಬೀಜವನ್ನು ತಿರುವಿ ಬಿಡಿಸಿ ನೀರಿಗೆ ಹಾಕಿ. ಮುಳುಗಿದ್ದು ಗಟ್ಟಿ, ತೇಲಿದ್ದು ಜಳ್ಳು. ಗಟ್ಟಿಯನ್ನು ಎರಡು ಮೂರು ದಿನ ಒಣಗಿಸಿ. ಒಣಗಿಸುವುದು ಬೂಷ್ಟು ಹಿಡಿಯದಿರಲಿ ಎಂದು, ಸೊನೆ ಹೋಗಲಿ ಎಂದಲ್ಲ.

ಸುಡುವ ಕೆಲಸ ಅಡುಗೆಮನೆಯಲ್ಲಿ ಬೇಡವೇ ಬೇಡ. ಆ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ಬಯಲಲ್ಲಿ ಮೂರು ಕಲ್ಲು ಹೂಡಿ, ಮತ್ತೆ ಅಡುಗೆಗೆ ಬಳಸದ ಹಳೇ ಕಬ್ಬಿಣದ ಬಾಣಲಿ ಇಡಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುತ್ತಿರಬೇಕು. ತುಂಬುತೋಳಿನ ಹಳೇ ಅಂಗಿ, ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ಒಂದು ಸಲಕ್ಕೆ ನಲವತ್ತು ಐವತ್ತು ಬೀಜ ಸಾಕು. ಉದ್ದನೆ ಕೋಲಿನಲ್ಲಿ ಕೈಬಿಡದೆ ತಿರುವುತ್ತಿರಿ. ಚಿಪ್ಪು ಬೆವರಿದಂತಾಗಿ ಸೊನೆ ಜಿನುಗುತ್ತದೆ, ಆಮೇಲೆ ಸಿರ್ ಎಂದು ಹೊತ್ತಿಕೊಳ್ಳುತ್ತದೆ. ಹೆದರಬೇಡಿ, ನೀರನ್ನೂ ಎರಚಬೇಡಿ, ಎಣ್ಣೆಯ ಬೆಂಕಿಗೆ ನೀರು ಬಿದ್ದರೆ ಸಿಡಿಯುತ್ತದೆ. ಒಂದೆರಡು ನಿಮಿಷ ಉರಿದು ಎಲ್ಲ ಕಪ್ಪಾದ ಮೇಲೆ ಬಾಣಲಿಯನ್ನು ಕೋಲಿನಿಂದ ಮಗುಚಿ ಒಣ ಮರಳಿಗೆ ಸುರಿದು, ಮೇಲೂ ಮರಳು ಎಳೆದು ಬೆಂಕಿ ಆರಿಸಿ. ತಣ್ಣಗಾದ ಮೇಲೆ ಬೂದಿಯಲ್ಲಿ ಹೊರಳಿಸಿ, ಅಂಟಿದ ಸೊನೆಯನ್ನು ಬೂದಿ ಹೀರಿಕೊಳ್ಳುತ್ತದೆ. ಈಗ ಗ್ಲೌಸ್ ಹಾಕಿಕೊಂಡು ಸುತ್ತಿಗೆ ಎತ್ತಿಕೊಳ್ಳಿ. ಬೀಜವನ್ನು ಅಂಚಿನ ಮೇಲೆ ನಿಲ್ಲಿಸಿ ಮೆಲ್ಲಗೆ ತಟ್ಟಿದರೆ ಚಿಪ್ಪು ಇಬ್ಭಾಗವಾಗುತ್ತದೆ. ಚಿಪ್ಪು ಮುಟ್ಟಿದ ಕೈಯಲ್ಲಿ ತಿರುಳು ಮುಟ್ಟಬೇಡಿ, ಒಡೆಯುವವರೊಬ್ಬರು, ಆಯುವವರೊಬ್ಬರು ಇರಲಿ. ತಿರುಳಿನ ಮೇಲಿನ ಕೆಂಪು ಸಿಪ್ಪೆ, ಸಣ್ಣ ಉರಿಯಲ್ಲಿ ಕಾವಲಿ ಮೇಲೆ ಬೆಚ್ಚಗೆ ಮಾಡಿದರೆ ಉಜ್ಜಿದ ಕೂಡಲೇ ಬಿಡುತ್ತದೆ. ಗಾಳಿಯಾಡದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಕಮಟು ವಾಸನೆ ಬರುತ್ತದೆ. ಚಿಪ್ಪನ್ನು ಒಲೆಗೆ ಹಾಕಬೇಡಿ.

ಹಣ್ಣನ್ನು ಎಸೆಯಬೇಡಿ. ಬೀಜ ಕೂತಿದ್ದ ತುದಿಯನ್ನು ಕೊಯ್ದು ಹಾಕಿ, ಹೋಳು ಮಾಡಿ ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಗಂಟಲು ಹಿಡಿಯುವ ಒಗರು ತಗ್ಗುತ್ತದೆ. ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಅದರಲ್ಲಿದೆ. ರಸ ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ.

ಒಂದು ವಿಷಯ ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಹೇಳುವ ಆಸೆ. ಅಂಗಡಿಯ ಪೊಟ್ಟಣದ ಮೇಲೆ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂದು ಬರೆದಿರುತ್ತದಲ್ಲ, ಅದೇನು? ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ಇಡೀ ತಿರುಳು ತೂಗುತ್ತವೆ ಎಂಬ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ತಿರುಳು ದಪ್ಪ, ಬೆಲೆ ಹೆಚ್ಚು. ನಮ್ಮ ಮನೆಯ ಮರದ ನಲವತ್ತು ತಿರುಳು ಈ ಸಲ 60 ಗ್ರಾಂ ತೂಗಿದವು. ಒಂದಕ್ಕೆ ಒಂದೂವರೆ ಗ್ರಾಂ, ಪೌಂಡಿಗೆ ಮುನ್ನೂರ ಎರಡು ಮೂರು. ಅಲ್ಲಿಗೆ 320ರ ದರ್ಜೆ. ಬೆಂಕಿಯಲ್ಲಿ ಸುಟ್ಟಿದ್ದರಿಂದ ಬಣ್ಣ ಸ್ವಲ್ಪ ಕಂದು. ವ್ಯಾಪಾರದಲ್ಲಿ ಅದಕ್ಕೆ ಎಸ್‌ಡಬ್ಲ್ಯು ಎಂಬ ಬೇರೆ ದರ್ಜೆಯೇ ಇದೆ, ಬೆಲೆ ಕಡಿಮೆ. ಆದರೆ ಆ ಹೊಗೆಯ ಘಮ ಹಬೆಯಲ್ಲಿ ಬೆಂದ ಗೋಡಂಬಿಗೆ ಬರುವುದಿಲ್ಲ. ತುಪ್ಪದಲ್ಲಿ ಹುರಿದು ಶಾವಿಗೆ ಪಾಯಸಕ್ಕೆ ಹಾಕಿ ನೋಡಿ.

ಚೆನ್ನಾಗಿ ಕಾಯಿ ಕಟ್ಟಿದ ಬೀಜದಲ್ಲಿ ತಿರುಳು ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಇರುತ್ತದೆ. ನಮ್ಮ ಚಿಂತಾಮಣಿಯ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಚಿಂತಾಮಣಿ-1ರಂಥ ತಳಿಯ ಕಸಿ ಗಿಡವೋ, ಯಾರೋ ಬೀಜ ಊರಿ ಬೆಳೆಸಿದ ಮರವೋ ಎಂಬುದರ ಮೇಲೆ ತಿರುಳಿನ ಗಾತ್ರ ಬಹಳ ಬದಲಾಗುತ್ತದೆ. ನಿಮ್ಮ ಎರಡು ಮೊರ ಬೀಜ ಸುಟ್ಟು, ಸುಲಿದಾದ ಮೇಲೆ ಮುರಿಯದ ನಲವತ್ತು ತಿರುಳು ಎಣಿಸಿ ತೂಗಿ. ತೂಕದ ಜೊತೆಗೆ ಮರ ಕಸಿಯದೋ ಬೀಜದ್ದೋ ಅದನ್ನೂ ಬರೆದು ಕಳಿಸಿ.