ಸಿದ್ಧಾರೂಢಜ್ಜನ ತೇರು ಒಂದು ವರ್ಷ ಫೆಬ್ರುವರಿಯಲ್ಲಿ, ಇನ್ನೊಂದು ವರ್ಷ ಮಾರ್ಚ್‌ನಲ್ಲಿ ಯಾಕೆ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಈಗ ಪುಣೆಯಲ್ಲಿದ್ದೇವೆ. ಸಿದ್ಧಾರೂಢ ಮಠದ ಜಾತ್ರೆಗೆ ಬರಬೇಕೆಂದರೆ ಪ್ರತಿ ವರ್ಷ ರಜೆ ಮತ್ತು ರೈಲು ಟಿಕೆಟಿನದೇ ತಲೆನೋವು. ತಾರೀಖು ಮೊದಲೇ ಗೊತ್ತಾಗುವ ದಾರಿ ಇದೆಯೇ?

ಇದೆ. ತಾರೀಖು ಬಿಡಿ, ತಿಥಿ ಹಿಡಿಯಿರಿ. ಮಾಘ ಬಹುಳ ಚತುರ್ದಶಿಯ ರಾತ್ರಿ ಮಹಾಶಿವರಾತ್ರಿ. ಅದರ ಮರುದಿನ ಸಂಜೆ ಅಜ್ಜನ ತೇರು. ಇದು ಬದಲಾಗುವುದಿಲ್ಲ. ಬದಲಾಗುವುದು ನಮ್ಮ ಗೋಡೆಯ ಮೇಲಿನ ಇಂಗ್ಲಿಷ್ ಕ್ಯಾಲೆಂಡರಿನ ಅಂಕಿ ಮಾತ್ರ.

ಚಂದ್ರನ ಲೆಕ್ಕದ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಅಂದರೆ ವರ್ಷಕ್ಕೆ 11 ದಿನ ಕಡಿಮೆ. ಹಾಗಾಗಿ ಜಾತ್ರೆ ವರ್ಷ ವರ್ಷ ಹಿಂದಕ್ಕೆ ಜಾರುತ್ತದೆ. ಹೀಗೇ ಬಿಟ್ಟರೆ ಶಿವರಾತ್ರಿ ಒಂದಿನ ಮಳೆಗಾಲದಲ್ಲಿ ಬಂದು ನಿಲ್ಲುತ್ತದೆ! ಅದಕ್ಕೇ ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕ ಮಾಸ ಸೇರಿಸುತ್ತಾರೆ. ಆಗ ಜಾತ್ರೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ.

ಈಚಿನ ವರ್ಷಗಳನ್ನೇ ನೋಡಿ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಹೋಯಿತು. 2025ರಲ್ಲಿ ಫೆಬ್ರುವರಿ 26, 2026ರಲ್ಲಿ ಫೆಬ್ರುವರಿ 15. 2026ರಲ್ಲಿ ಮತ್ತೆ ಅಧಿಕ ಜ್ಯೇಷ್ಠ. ಹಾಗಾಗಿ 2027ರ ಶಿವರಾತ್ರಿ ಮಾರ್ಚ್ 6ಕ್ಕೆ ಬೀಳುತ್ತದೆ.

ಪಂಚಾಂಗ ನೋಡಲು ಬಾರದವರಿಗೆ ಸುಲಭದ ಗುರುತು ಭಾರತ ಹುಣ್ಣಿಮೆ, ಅಂದರೆ ಮಾಘದ ಹುಣ್ಣಿಮೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಹೊರಡುವ ಹುಣ್ಣಿಮೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ಅಲ್ಲಿಂದ ಎರಡು ವಾರ ಎಣಿಸಿದರೆ ಅಜ್ಜನ ತೇರು ಬಂತು. 2024ರಲ್ಲಿ ಹುಣ್ಣಿಮೆ ಆಗಿ 14 ದಿನಕ್ಕೆ, 2025 ಮತ್ತು 2026ರಲ್ಲಿ 15 ದಿನಕ್ಕೆ ತೇರು. ಮನೆಯ ಹಿರಿಯರು ಲೆಕ್ಕ ಹಾಕುವುದೂ ಹೀಗೇ. ಮೊಬೈಲ್ ಆ್ಯಪ್‌ಗಿಂತ ನನಗೆ ಇದೇ ಇಷ್ಟ. ಯಾಕೆಂದರೆ ಕೆಲವು ಆ್ಯಪ್‌ಗಳು ಇದೇ ಚತುರ್ದಶಿಯನ್ನು ಫಾಲ್ಗುಣ ಎಂದು ತೋರಿಸುತ್ತವೆ. ಉತ್ತರ ಭಾರತದಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮ್ಮಲ್ಲಿ ಅಮಾವಾಸ್ಯೆಗೆ. ದಿನ ಒಂದೇ, ಸುಮ್ನೆ ಗಾಬರಿ ಬೇಡ.

ಇನ್ನೊಂದು ಗೊಂದಲವೂ ಇದೆ. ಶ್ರಾವಣದಲ್ಲಿ ಮಠದ ಕೆರೆಯಲ್ಲಿ ಜಲರಥೋತ್ಸವ ಆಗುತ್ತದೆ. ಅದು ಅಜ್ಜನ ಪುಣ್ಯತಿಥಿಗೆ ಸೇರಿದ್ದು. 1836ರಲ್ಲಿ ಬೀದರ್ ಕಡೆಯ ಚಳಕಾಪುರದಲ್ಲಿ ಹುಟ್ಟಿದ ಸಿದ್ಧಾರೂಢರು ದೇಹ ಬಿಟ್ಟದ್ದು 1929ರ ಆಗಸ್ಟ್‌ನಲ್ಲಿ. 'ಜಾತ್ರೆ' ಅಂತಷ್ಟೇ ಕೇಳಿ ಆಗಸ್ಟ್‌ಗೆ ಟಿಕೆಟ್ ತೆಗೆಸಿದರೆ ನೀವು ನೋಡುವುದು ನೀರ ಮೇಲಿನ ತೇರು. ಅದೂ ಚೆನ್ನವೇ, ಆದರೆ ಉತ್ತತ್ತಿ, ಬಾಳೆಹಣ್ಣು ತೂರುತ್ತಾ ನಿಲ್ಲುವ ಆ ಜನಸಾಗರ ಶಿವರಾತ್ರಿಯದು.

ಟಿಕೆಟ್ ತೆಗೆಸುವಾಗ ತೇರಿನ ದಿನ ರಾತ್ರಿಯ ರೈಲಿಗೆ ಹಾಕಬೇಡಿ. ತೇರು ಎಳೆಯುವುದೇ ಸಂಜೆ, ಆಮೇಲೆ ಆ ಗದ್ದಲದಲ್ಲಿ ಆಟೋ ಸಿಗುವುದು ಕಷ್ಟ. ಸ್ಟೇಷನ್ನಿಗೆ ಅಜ್ಜನ ಹೆಸರಿದೆ ನಿಜ, ಆದರೆ ಮಠ ಇರುವುದು ಹಳೇ ಹುಬ್ಬಳ್ಳಿ ಕಡೆ. ಹೊರಗಿನಿಂದ ಬಂದ ಎಷ್ಟೋ ಜನ ಸ್ಟೇಷನ್ ಬಾಗಿಲಲ್ಲೇ ಮಠ ಎಲ್ಲಿ ಅಂತ ಹುಡುಕುತ್ತಾರೆ. ಪ್ಲಾಟ್‌ಫಾರಂ ಬೇರೆ 1,507 ಮೀಟರ್ ಉದ್ದ. ತಪ್ಪು ತುದಿಯಲ್ಲಿ ಇಳಿದರೆ ಅಲ್ಲೇ ಅರ್ಧ ಜಾತ್ರೆ ನಡೆದಂತಾಗುತ್ತದೆ.

2027ರ ತೇರು ಮಾರ್ಚ್ 7ಕ್ಕೆ, ಭಾನುವಾರ. ರಜೆ ಬೇಕಿರುವುದು ಸೋಮವಾರಕ್ಕೆ ಮಾತ್ರ. ಆದರೆ ಭಾನುವಾರವಾದ್ದರಿಂದ ಜನವೂ ಜಾಸ್ತಿ ಇರುತ್ತಾರೆ. ಟಿಕೆಟ್ ಮಾತ್ರ ಬುಕಿಂಗ್ ಶುರುವಾದ ದಿನವೇ ತೆಗೆಸಿಬಿಡಿ.